ಮಣಿಕಟ್ಟಿನ ಮೇಲೊಂದು ತೊಟ್ಟು

ಜವಳಿ ಯಜಮಾನರ ಬಾಯಿ ಸುಟ್ಟ ದಿನ ಗಂಜಿಯಕ್ಕ ಆರೈಕೆ ಮನೆಯ ಕಟ್ಟಡದಲ್ಲಿ ಇರಲೇ ಇಲ್ಲ. ಮನೆಯಲ್ಲಿ ಗಂಡನ ಸೊಂಟಕ್ಕೆ ಎಣ್ಣೆ ತಿಕ್ಕುತ್ತ ಕೂತಿದ್ದಳು. ಈ ಒಂದು ಮಾತನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಯಾಕೆಂದರೆ ಆಮೇಲೆ ದೊಡ್ಡವರೆಲ್ಲ ಸೇರಿ ಮಾತಿನಲ್ಲೇ ಅವಳನ್ನು ಅಲ್ಲಿ ಕೂರಿಸಿದರು.

ಮಾರನೆಯ ಬೆಳಿಗ್ಗೆ ಸೇತುವೆ ದಾಟಿ ಒಂದು ಬಿಳಿ ಕಾರು ಬಂತು. ಕಾಲುವೆಯಾಚೆಗೆ ಕಾರು ಬಂದರೆ ಯಾರನ್ನೋ ಹಿಡಿದುಕೊಂಡು ಹೋಗಲಿಕ್ಕೆ ಬಂದಿದೆ ಎಂದೇ ಲೆಕ್ಕ. ನಲ್ಲಿಯ ಹತ್ತಿರದ ಹೆಂಗಸರು ಕೊಡ ಕೆಳಗಿಟ್ಟು ನೋಡಿದರು. ಡ್ರೈವರು ಇಳಿಯಲಿಲ್ಲ. ಗಾಜನ್ನು ನಾಲ್ಕು ಬೆರಳು ಇಳಿಸಿ, ಆರೈಕೆ ಮನೆಯ ಕೆಲಸಕ್ಕೆ ಬರುವ ಗಂಜಿಯಕ್ಕ ಯಾರು, ತಕ್ಷಣ ಬರಬೇಕಂತೆ ಎಂದ. ಪಾತ್ರೆ ತಿಕ್ಕುತ್ತಿದ್ದವಳು ಕೈ ತೊಳೆದುಕೊಂಡು ಬಂದಳು. ಹಿಂದಿನ ಸೀಟಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿತ್ತು. ಅವಳಿಗೆಂದೇ ತಂದದ್ದು. ಮಡಿಕೆಯ ಗೆರೆಗಳು ಇನ್ನೂ ಹೊಸದಾಗಿದ್ದವು. ಅವಳು ಅದರ ಮೇಲೆ ಕೂತಳು. ದಾರಿಯುದ್ದಕ್ಕೂ ಹಾಳೆ ಚರಚರ ಎನ್ನುತ್ತಿತ್ತು.

ಊರಿನ ಹೊಲಸನ್ನು ಹೊತ್ತು ಆಚೆ ಹಾಕಿದವರೇ ಕಾಲುವೆಯಾಚೆಯವರು. ಅವಳ ಅಜ್ಜಿ ಹೊತ್ತಳು, ಅವ್ವ ಗುಡಿಸಿದಳು. ಈಗ ಯಾರೂ ಹೊರುವುದಿಲ್ಲ, ಎಲ್ಲ ಕೊಳವೆಯಲ್ಲಿ ಹೋಗುತ್ತದೆ ಎಂದು ಈಚೆಯವರು ಹೇಳಿಕೊಳ್ಳುತ್ತಾರೆ. ಹೊಲಸು ಹೋಯಿತು. ಹೊತ್ತವರ ಮೈಗೆ ಹಚ್ಚಿದ ಹೆಸರು ಹೋಗಲಿಲ್ಲ. ಎಲ್ಲಿಯವಳು ಎಂದು ಕೇಳುತ್ತಾರೆ, ಕಾಲುವೆಯಾಚೆ ಎಂದರೆ ಸಾಕು, ಮಾತಾಡುತ್ತಿದ್ದವರ ಮುಖ ಒಂದು ಗೇಣು ಹಿಂದೆ ಸರಿಯುತ್ತದೆ.

ಜವಳಿ ಯಜಮಾನರೂ ಕೇಳಿದ್ದರು. ಆಗಿನ್ನೂ ಆರೈಕೆ ಮನೆಗೆ ಯಂತ್ರಗಳು ಬಂದಿರಲಿಲ್ಲ. ಅದು ದುಡ್ಡಿದ್ದ ಮುದುಕರು ಕೊನೆಗಾಲ ಕಳೆಯುವ ಮನೆ. ನೆಲ ಕನ್ನಡಿಯ ಹಾಗೆ, ಕಿಟಕಿಗೆ ಎರಡೆರಡು ಪರದೆ. ಗಂಜಿಯಕ್ಕ ಮೇಲಿನ ಅಂತಸ್ತಿನಲ್ಲಿ ಆಯಾ ಆಗಿದ್ದಳು. ಯಜಮಾನರು ಊರಿನ ದೊಡ್ಡ ಬಟ್ಟೆ ಅಂಗಡಿ ನಡೆಸಿದವರು. ಕಣ್ಣು ಮಂಜಾಗಿತ್ತು, ಕಾಲು ಬಿದ್ದುಹೋಗಿತ್ತು, ಕೈ ನಡುಗುತ್ತಿತ್ತು. ಬೆರಳ ತುದಿ ಮಾತ್ರ ಚುರುಕು. ಹೊದಿಕೆ ಮುಟ್ಟಿ ಇದು ಕಲಬೆರಕೆ ನೂಲು ಎನ್ನುತ್ತಿದ್ದರು. ಅವಳು ಅವರಿಗೆ ಎರಡು ದಿನ ಉಣ್ಣಿಸಿದಳು. ಮೂರನೆಯ ದಿನ ಎಲ್ಲಿಯವಳು ಎಂದು ಕೇಳಿದರು. ಅವಳು ಹೇಳಿದಳು. ಅವರು ಬಾಯಲ್ಲಿದ್ದದ್ದನ್ನು ಬಟ್ಟಲಿಗೆ ಉಗುಳಿ ಗೋಡೆಯ ಕಡೆ ಹೊರಳಿದರು. ಸಂಜೆಯ ಹೊತ್ತಿಗೆ ಅವಳನ್ನು ಕೆಳಗೆ ಬಟ್ಟೆ ಒಗೆಯುವ ಕೋಣೆಗೆ ಹಾಕಿದ್ದರು. ಯಾರೂ ಬೈಯಲಿಲ್ಲ. ಬೈದಿದ್ದರೆ ತಿರುಗಿ ಒಂದು ಮಾತಾದರೂ ಆಡಬಹುದಿತ್ತು.

ಆಮೇಲೆ ಪುಟ್ಟಿ ಬಂದಳು. ಪುಟ್ಟಿ ಎಂದರೆ ಯಂತ್ರ. ಕೆಳಗೆ ಚಕ್ರ, ಮೇಲೆ ಹಾಲುಬಣ್ಣದ ದುಂಡು ಮುಖ, ಮಿಟುಕಿಸುವ ಎರಡು ಕಣ್ಣು, ಉದ್ದನೆಯ ಉಕ್ಕಿನ ತೋಳು, ಅಂಗೈಗೆ ಮೆತ್ತನೆಯ ರಬ್ಬರು. ಕೋಣೆಗೊಂದು ಪುಟ್ಟಿ. ಮುದುಕರು ಮೊದಲು ಹೆದರಿದರು, ಆಮೇಲೆ ಮಾತಾಡಿಸಿದರು, ಕೊನೆಗೆ ಮುದ್ದುಮಾಡಿದರು. ಪುಟ್ಟಿ ತಾನೇ ಎಲ್ಲ ಮಾಡುತ್ತಾಳೆ, ಅವಳಿಗೆ ಸ್ವಂತ ಬುದ್ಧಿ ಇದೆ ಎಂದು ಮುದುಕರ ಮನೆಯವರಿಗೆಲ್ಲ ಹೇಳಿದ್ದರು.

ಬುದ್ಧಿ ಇದ್ದದ್ದು ನೆಲಮಾಳಿಗೆಯಲ್ಲಿ. ಒಗೆಯುವ ಕೋಣೆಯ ಪಕ್ಕದ ಉದ್ದನೆಯ ಹಜಾರದಲ್ಲಿ ಕಿಟಕಿಯಿಲ್ಲ. ನೆಲದ ಮೇಲೆ ಬಣ್ಣದ ಪಟ್ಟಿಯಿಂದ ಚೌಕ ಎಳೆದಿತ್ತು. ಚೌಕಕ್ಕೊಬ್ಬ ಹೆಂಗಸು. ಕಣ್ಣಿಗೆ ಕಟ್ಟಿಕೊಳ್ಳುವ ಕರಿಯ ಪೆಟ್ಟಿಗೆಗೆ ಅವರು ಕಣ್ಣುಡಬ್ಬಿ ಎನ್ನುತ್ತಿದ್ದರು. ಅದನ್ನು ಕಟ್ಟಿಕೊಂಡರೆ ಹಜಾರ ಮಾಯ, ಮೇಲಿನ ಕೋಣೆ ಎದುರಿಗೆ. ತಂತಿ ಹೊಲಿದ ಗ್ಲೌಸು ಹಾಕಿಕೊಂಡು ಇಲ್ಲಿ ಕೈ ಎತ್ತಿದರೆ ಅಲ್ಲಿ ಪುಟ್ಟಿ ಕೈ ಎತ್ತುತ್ತಿದ್ದಳು. ಇಲ್ಲಿ ಗಾಳಿಯನ್ನು ಹಿಡಿದರೆ ಅಲ್ಲಿ ಮುದುಕನ ತೊಡೆ ಸಿಗುತ್ತಿತ್ತು. ಮಾತಿಗೆ ಮಾತ್ರ ಬೇರೆ ಏರ್ಪಾಟು. ಯಾವಳೋ ಎಳೆಯ ಹುಡುಗಿಯ ಸಕ್ಕರೆಯಂಥ ದನಿಯನ್ನು ಮೊದಲೇ ಹಿಡಿದಿಟ್ಟಿದ್ದರು. ಹೆಂಗಸರು ಬಾಯಿ ಬಿಡುವ ಹಾಗಿರಲಿಲ್ಲ. ಹೊರಗೆ ಯಾರಾದರೂ ಏನು ಕೆಲಸ ಎಂದು ಕೇಳಿದರೆ ಬಟ್ಟೆ ಒಗೆಯುವುದು ಎನ್ನಬೇಕು. ಹಿಂಬಾಗಿಲಿನಿಂದ ಬಂದು ಹಿಂಬಾಗಿಲಿನಿಂದಲೇ ಹೋಗಬೇಕು.

ಸುಲಭದ ಕೆಲಸ ಎಂದುಕೊಂಡವರು ಮೊದಲ ವಾರ ಬಕೆಟ್ಟಿಗೆ ವಾಂತಿ ಮಾಡಿಕೊಂಡರು. ಕಣ್ಣು ಒಂದು ಕಡೆ, ಮೈ ಒಂದು ಕಡೆ ಇದ್ದರೆ ಹೊಟ್ಟೆಗೆ ತಲೆಬುಡ ತಿಳಿಯುವುದಿಲ್ಲ. ಕಣ್ಣೆದುರು ಮಲ, ಮೂಗಿಗೆ ಒಗೆಯುವ ಸೋಪಿನ ಹಬೆ. ಭಾರವಿಲ್ಲದ್ದನ್ನು ದಿನವಿಡೀ ಎತ್ತುವುದು ಭಾರವಿರುವುದನ್ನು ಎತ್ತುವುದಕ್ಕಿಂತ ಕಷ್ಟ. ತೋಳು ಗಾಳಿಯಲ್ಲೇ ನಿಲ್ಲಬೇಕು, ಒರಗಲು ಏನೂ ಇಲ್ಲ. ಸಂಜೆ ಡಬ್ಬಿ ಬಿಚ್ಚಿದರೆ ಹಣೆಯಿಂದ ಮೂಗಿನವರೆಗೆ ಕೆಂಪು ಬರೆ. ಕೇರಿಯ ಮಕ್ಕಳು ಅವರನ್ನು ಕಂಡು ಗೂಬೆಗಳು ಬಂದವು ಎಂದು ನಗುತ್ತಿದ್ದವು. ನಗಲಿ ಬಿಡು, ನಮಗೂ ಕನ್ನಡಿ ನೋಡಿದರೆ ನಗು ಬರುತ್ತದೆ ಎನ್ನುತ್ತಿದ್ದಳು ಅವಳ ನಾದಿನಿ. ಗಂಡನ ತಂಗಿ ಅವಳು, ಪಕ್ಕದ ಚೌಕದಲ್ಲೇ ನಿಲ್ಲುತ್ತಿದ್ದಳು. ಗಂಡ ಬಿಟ್ಟುಹೋದವಳು, ಎರಡು ಮಕ್ಕಳು.

ಗಂಜಿಯಕ್ಕನಿಗೆ ಕೊಟ್ಟದ್ದು ಮೂರನೆಯ ಕೋಣೆ. ಕಣ್ಣುಡಬ್ಬಿ ಕಟ್ಟಿಕೊಂಡ ಮೊದಲ ದಿನ ಎದುರಿಗೆ ಜವಳಿ ಯಜಮಾನರು ಮಲಗಿದ್ದರು. ಅವಳ ಕೈ ಡಬ್ಬಿಯ ಪಟ್ಟಿಯವರೆಗೆ ಹೋಯಿತು. ಆಮೇಲೆ ಚಮಚ ಎತ್ತಿದಳು. ಹೊಟ್ಟೆಪಾಡಿನವರಿಗೆ ಯಾರ ಬಾಯಿ ಎಂದು ಆರಿಸುವ ಭಾಗ್ಯ ಇರುವುದಿಲ್ಲ.

ಅವಳಿಗೆ ಒಂದು ಅಭ್ಯಾಸವಿತ್ತು. ಗಂಜಿಯ ಚಮಚವನ್ನು ಬಾಯಿಗೆ ಇಡುವ ಮೊದಲು ಒಂದು ತೊಟ್ಟನ್ನು ತನ್ನ ಎಡಗೈ ಮಣಿಕಟ್ಟಿನ ಮೇಲೆ ಬಿಟ್ಟುಕೊಳ್ಳುತ್ತಿದ್ದಳು. ಬಿಸಿ ನೋಡಲಿಕ್ಕೆ. ಮಕ್ಕಳಿಗೆ ಹಾಗೆಯೇ ಉಣ್ಣಿಸಿದ್ದಳು. ಹಾಸಿಗೆ ಹಿಡಿದ ಅತ್ತೆಗೆ ಸಾಯುವ ತನಕ ಹಾಗೆಯೇ ಉಣ್ಣಿಸಿದ್ದಳು. ಮಣಿಕಟ್ಟಿನ ಒಳಬದಿಯಲ್ಲಿ ಚಿಕ್ಕ ಚಿಕ್ಕ ಸುಟ್ಟ ಕಲೆ ಸಾಸಿವೆ ಚೆಲ್ಲಿದ ಹಾಗೆ ಉಳಿದಿತ್ತು. ಪುಟ್ಟಿಯ ಕೈಯಲ್ಲಿ ಈ ಅಭ್ಯಾಸಕ್ಕೆ ಅರ್ಥವೇ ಇರಲಿಲ್ಲ. ಉಕ್ಕಿನ ಮಣಿಕಟ್ಟಿಗೆ ಬಿಸಿ ತಿಳಿಯದು, ಗ್ಲೌಸಿಗೂ ತಿಳಿಯದು. ಆದರೂ ಕೈ ಕೇಳುತ್ತಿರಲಿಲ್ಲ. ತೊಟ್ಟು ಬಿಟ್ಟ ಮೇಲೆ ಅವಳಿಗೆ ತನ್ನ ಪೆದ್ದತನ ನೆನಪಾಗುತ್ತಿತ್ತು. ಆಮೇಲೆ ಹಬೆ ಆಡುತ್ತಿದೆಯೇ ಎಂದು ಕಣ್ಣಿಂದಲೇ ನೋಡಿ, ಕದಡಿ, ಕಾದು, ಕೆಳತುಟಿಗೆ ಚಮಚದ ತಳ ತಾಗಿಸಿ ಕೊಡುತ್ತಿದ್ದಳು. ಯಜಮಾನರು ಚೊಕ್ಕವಾಗಿ ಉಣ್ಣುತ್ತಿದ್ದರು. ಜೊತೆಯ ಹೆಂಗಸರು ಗಂಜಿಯಕ್ಕ ಎಂದು ಹೆಸರಿಟ್ಟರು.

ಈ ಪೆದ್ದತನವನ್ನು ಯಾರೋ ನೋಡಿದರು. ಮೆಚ್ಚಿದರು. ನೋಡಿ, ಪುಟ್ಟಿ ತಾಯಿಯ ಹಾಗೆ ಬಿಸಿ ನೋಡುತ್ತಾಳೆ, ಯಾರೂ ಹೇಳಿಕೊಟ್ಟದ್ದಲ್ಲ, ತಾನೇ ಕಲಿತದ್ದು ಎಂದರು. ಮುಂದಿನ ಹಜಾರದ ಗೋಡೆಗೆ ದೊಡ್ಡ ಚಿತ್ರ ಹಾಕಿದರು. ಉಕ್ಕಿನ ಮಣಿಕಟ್ಟು, ಅದರ ಮೇಲೊಂದು ಬಿಳಿಯ ತೊಟ್ಟು. ಗಂಜಿಯಕ್ಕನಿಗೆ ಅದು ಗೊತ್ತಾದದ್ದು ನಾದಿನಿ ಕಸದ ಬುಟ್ಟಿಯಲ್ಲಿ ಸಿಕ್ಕ ಒಂದು ಚಿಕ್ಕ ಪ್ರತಿಯನ್ನು ತಂದಾಗ. ನಿನ್ನ ಕೈ ಸಿನಿಮಾ ಸೇರಿತು ಅತ್ತಿಗೆ ಎಂದು ನಗಾಡಿದಳು. ಗಂಜಿಯಕ್ಕನೂ ನಕ್ಕಳು. ಆಮೇಲೆ ಆ ಚಿತ್ರವನ್ನು ಬಹಳ ಹೊತ್ತು ನೋಡಿದಳು. ಕೈ ತನ್ನದು, ಮೈ ಇಲ್ಲ.

ಯಜಮಾನರು ಪುಟ್ಟಿಯ ಅಂಗೈ ಸವರುತ್ತ, ರೇಷ್ಮೆ ಕಣೇ ನಿನ್ನ ಕೈ, ಮನುಷ್ಯರ ಕೈ ಹೀಗಿರಲ್ಲ ಎನ್ನುತ್ತಿದ್ದರು. ಒಂದು ಸಲ ಹೆಂಡತಿಯನ್ನು ನೆನೆದು ಗಂಟಲು ಹರಿಯುವಂತೆ ಅತ್ತರು. ಅವಳು ತಲೆ ಸವರಿದಳು. ಕೆಳಗೆ ನೆಲಮಾಳಿಗೆಯಲ್ಲಿ, ಖಾಲಿ ಗಾಳಿಯನ್ನು, ಅವರು ನಿದ್ದೆ ಹೋಗುವವರೆಗೆ ಸವರಿದಳು. ತೋಳು ಕಳಚಿಬೀಳುವಂತಾಗಿತ್ತು.

ಹೀಗೆ ವರ್ಷ ಕಳೆಯಿತು. ನೆಲಮಾಳಿಗೆಯ ಉಸ್ತುವಾರಿಯವನ ಅಂಗಿ ಯಾವತ್ತೂ ಗರಿಗರಿ. ಅದಕ್ಕೇ ಹೆಂಗಸರು ಅವನಿಗೆ ಇಸ್ತ್ರಿ ಎಂದು ಹೆಸರಿಟ್ಟಿದ್ದರು. ಅವನು ಆಗಾಗ ಬಂದು, ನೀವು ಮಾಡುವುದನ್ನೆಲ್ಲ ಪುಟ್ಟಿ ಒಳಗೊಳಗೇ ಕಲಿಯುತ್ತಿದ್ದಾಳೆ ಎನ್ನುತ್ತಿದ್ದ. ನಮ್ಮ ಹೊಟ್ಟೆಯಲ್ಲಿ ಹುಟ್ಟಿದವೇ ಹೇಳಿದ್ದು ಕಲಿಯಲಿಲ್ಲ, ಇದೊಂದು ಕಲಿಯಲಿ ಎಂದು ಹೆಂಗಸರು ನಗುತ್ತಿದ್ದರು. ಕಲಿತ ಮೇಲೆ ನಾವೇಕೆ ಎಂದು ಯಾರೂ ಕೇಳಲಿಲ್ಲ. ಕೇಳಿದರೆ ಉತ್ತರ ಸಿಗುತ್ತದೆಂಬ ಹೆದರಿಕೆ.

ಮೊನ್ನೆ ಸಂಜೆ ಇಸ್ತ್ರಿ ಬಂದು ಗಂಜಿಯಕ್ಕನಿಗೆ ನಾಳೆ ಬರಬೇಡ ಎಂದ. ಮೂರನೆಯ ಕೋಣೆಯ ಪುಟ್ಟಿ ನಾಳೆ ಒಬ್ಬಳೇ ಮಾಡುತ್ತಾಳಂತೆ, ಪರೀಕ್ಷೆಯಂತೆ. ಅವಳು ಸರಿ ಎಂದಳು. ಪುಟ್ಟಿ ಒಬ್ಬಳೇ ಮಾಡಿದಳು. ಚಮಚ ಎತ್ತಿದಳು, ಉಕ್ಕಿನ ಮಣಿಕಟ್ಟಿನ ಮೇಲೆ ಚಂದವಾಗಿ ಒಂದು ತೊಟ್ಟು ಬಿಟ್ಟಳು. ಒಲೆಯಿಂದ ಆಗಷ್ಟೇ ಇಳಿದ ಗಂಜಿಯನ್ನು ಯಜಮಾನರ ಬಾಯಿಗೆ ಇಟ್ಟಳು. ಅವರು ಕಿರುಚಿದರು. ಸಕ್ಕರೆ ದನಿ ಇನ್ನೊಂದು ತುತ್ತು ಅಜ್ಜಾ ಎಂದಿತು. ಇನ್ನೊಂದು ಇಟ್ಟಳು.

ಕಾರು ಹಿಂಬಾಗಿಲಿನ ಹತ್ತಿರ ನಿಂತಿತು. ಇಸ್ತ್ರಿ ಅವಳನ್ನು ಒಗೆಯುವ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದ. ಅವನ ಅಂಗಿಯ ಕಂಕುಳು ಒದ್ದೆಯಾಗಿತ್ತು. ಯಜಮಾನರು ನಿನ್ನೆಯಿಂದ ಬಾಯಿ ಬಿಟ್ಟಿಲ್ಲ, ನರ್ಸು ಕೊಟ್ಟರೂ ಇಲ್ಲ, ಮಗಳು ಕೊಟ್ಟರೂ ಇಲ್ಲ, ನೀರನ್ನೂ ತುಟಿ ಒದ್ದೆ ಮಾಡಿ ಕೊಡುತ್ತಿದ್ದೇವೆ ಎಂದ. ಮಗಳು ದೂರು ಕೊಡುತ್ತೇನೆಂದು ಕೂತಿದ್ದಾಳೆ ಎಂದ. ಆಮೇಲೆ ದನಿ ಇಳಿಸಿದ.

"ನಿನ್ನೆ ಗ್ಲೌಸು ಹಾಕಿದ್ದೋಳು ನೀನೇ ಅಂತ ಹೇಳ್ಬೇಕು. ಕೈ ತಪ್ತು, ತಪ್ಪಾಯ್ತು ಅನ್ಬೇಕು. ಅಷ್ಟೇ."

"ನಿನ್ನೆ ನನ್ನನ್ನ ಬರಬೇಡ ಅಂದೋರು ನೀವೇ ಅಲ್ವಾ ಸಾರ್."

"ಅದು ನಿನಗೆ ಗೊತ್ತು, ನನಗೆ ಗೊತ್ತು. ಅವರಿಗ್ಯಾಕಮ್ಮ ಗೊತ್ತಾಗ್ಬೇಕು? ಮನುಷ್ಯರ ಕೈ ತಪ್ಪುತ್ತೆ, ಎಲ್ರೂ ಕ್ಷಮಿಸ್ತಾರೆ. ಯಂತ್ರ ತಪ್ಪಿದ್ರೆ ಯಾರೂ ಕ್ಷಮಿಸಲ್ಲ."

ಯಂತ್ರದ ತಪ್ಪು ಎಂದಾದರೆ ಈ ಮನೆ ಮುಚ್ಚುತ್ತದೆ, ನೆಲಮಾಳಿಗೆಯ ಅಷ್ಟೂ ಹೆಂಗಸರು ಬೀದಿಗೆ ಬೀಳುತ್ತಾರೆ ಎಂದ. ಅವಳು ಒಂದು ಮಾತು ಹೇಳಿದರೆ ಅವಳ ಕೆಲಸವೂ ಉಳಿಯುತ್ತದೆ, ನಾದಿನಿಯದೂ ಉಳಿಯುತ್ತದೆ. ನಾದಿನಿ ಎನ್ನುವಾಗ ಅವನು ಅವಳ ಮುಖ ನೋಡಲಿಲ್ಲ, ಬಟ್ಟೆಯ ರಾಶಿ ನೋಡಿದ. ಉಂಡ ಮನೆಗೆ ಎರಡು ಬಗೆಯಬಾರದಮ್ಮ ಎಂದೂ ಸೇರಿಸಿದ. ಆ ಮನೆಯಲ್ಲಿ ಅವಳು ಒಂದು ಲೋಟ ನೀರನ್ನೂ ಮನೆಯಿಂದಲೇ ತಂದು ಕುಡಿದವಳು.

ಇಷ್ಟು ದಿನ ಪುಟ್ಟಿಯ ಒಳಗೆ ಮನುಷ್ಯರೇ ಇರಲಿಲ್ಲ. ಹೊಗಳುವಾಗ ಇರಲಿಲ್ಲ, ಚಿತ್ರ ತೆಗೆಯುವಾಗ ಇರಲಿಲ್ಲ. ಬಾಯಿ ಸುಟ್ಟ ಕೂಡಲೇ ಒಬ್ಬಳು ಹುಟ್ಟಿಬಿಟ್ಟಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ಹಿಂದಿನವರು ಹೇಳಿದ್ದು ಎತ್ತು, ಎಮ್ಮೆ ಎರಡೂ ಕೊಟ್ಟಿಗೆಯಲ್ಲಿದ್ದ ಕಾಲಕ್ಕೆ. ಈಗ ಬರೆ ಹಾಕಲಿಕ್ಕೆ ಎಮ್ಮೆಯನ್ನು ಮನೆಯಿಂದ ಕಾರಿನಲ್ಲಿ ಕರೆಸುತ್ತಾರೆ.

ಇಸ್ತ್ರಿ ಹೊರಗೆ ಹೋದಾಗ ನಾದಿನಿ ಒಳಗೆ ನುಸುಳಿದಳು. ಹಣೆಯ ಮೇಲೆ ಆಗಲೇ ಕೆಂಪು ಬರೆ ಬಿದ್ದಿತ್ತು. ಅವಳಿಗೆ ಎಲ್ಲ ಗೊತ್ತಾಗಿತ್ತು. ಗಂಜಿಯಕ್ಕನ ಎರಡೂ ಕೈ ಹಿಡಿದುಕೊಂಡಳು.

"ಹೇಳಿಬಿಡು ಅತ್ತಿಗೆ. ಒಂದು ಮಾತಲ್ವಾ. ಹೇಳಿದ್ರೆ ಬಾಯೇನು ಸವೆದುಹೋಗುತ್ತಾ? ನಾವು ಮಾಡದೇ ಇರೋದಕ್ಕೆ ಬೈಸಿಕೊಂಡಿದ್ದು ಇದೇ ಮೊದಲಾ?"

ಅದೇನೂ ಸುಳ್ಳಲ್ಲ. ಗಂಜಿಯಕ್ಕನಿಗೆ ಕೋಪ ಕೂಡ ಬರಲಿಲ್ಲ. ಕೋಪಕ್ಕೂ ಮೈಯಲ್ಲಿ ಒಂದಿಷ್ಟು ಕಸುವು ಬೇಕು. ಅವಳಿಗೆ ಕುತ್ತಿಗೆ ನೋಯುತ್ತಿತ್ತು, ಬೆಳಿಗ್ಗೆಯಿಂದ ಏನೂ ತಿಂದಿರಲಿಲ್ಲ. ಆಯ್ತು, ಹೇಳ್ತೀನಿ ಬಿಡು ಎಂದಳು. ನಾದಿನಿ ಕಣ್ಣೊರೆಸಿಕೊಂಡು ಚೌಕಕ್ಕೆ ಓಡಿದಳು.

ಅವಳನ್ನು ಮುಂದಿನ ಹಜಾರದಿಂದ ಕರೆದುಕೊಂಡು ಹೋದರು. ಮೆಟ್ಟಿಲ ಪಕ್ಕದ ಗೋಡೆಯ ಮೇಲೆ ಆಳೆತ್ತರದ ಚಿತ್ರ ಇತ್ತು. ಅವಳು ಒಂದು ಗಳಿಗೆ ನಿಂತಳು. ಇಸ್ತ್ರಿ ಬೇಗ ಬಾರಮ್ಮ ಎಂದ. ಮೂರನೆಯ ಕೋಣೆಯ ಹೊರಗೆ ನರ್ಸು ಅವಳ ಕೈಗೆ ಔಷಧದ ನೀರು ಸುರಿದಳು. ಸಾಲದೆಂದು ಇನ್ನೊಮ್ಮೆ ಸುರಿದಳು. ಒಣಗಲಿ, ಆಮೇಲೆ ಒಳಗೆ ಎಂದಳು. ಅವಳು ಎರಡು ಕೈಯನ್ನೂ ಮುಂದೆ ಚಾಚಿಕೊಂಡು ಕಾದು ನಿಂತಳು.

ಕೋಣೆ ಅವಳಿಗೆ ಅಂಗೈಯಷ್ಟು ಪರಿಚಿತ. ಯಾವ ಖಾನೆಯಲ್ಲಿ ಒರೆಸುವ ಬಟ್ಟೆ, ಯಾವ ಕಡೆ ದಿಂಬು, ಎಲ್ಲ ಗೊತ್ತು. ಮರೆತೇಹೋಗಿದ್ದದ್ದು ವಾಸನೆ. ಮುದಿ ಮೈಯ ವಾಸನೆ, ಮುಲಾಮಿನ ವಾಸನೆ. ವರ್ಷ ಪೂರ್ತಿ ತೊಳೆದವಳಿಗೆ ಅದು ಈಗ ಮೂಗಿಗೆ ಬಂತು. ಯಜಮಾನರ ತುಟಿ ಊದಿ ಹೊರಗೆ ಮಗುಚಿತ್ತು. ಕೆನ್ನೆ ಒಂದೇ ದಿನಕ್ಕೆ ಬತ್ತಿತ್ತು. ಅವಳಿಗೆ ಅಯ್ಯೋ ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆ ಸಿಟ್ಟೂ ಬಂತು. ಮೂಲೆಯಲ್ಲಿ ಪುಟ್ಟಿ ಕಣ್ಣು ಮುಚ್ಚಿ ನಿಂತಿದ್ದಳು. ಕಿಟಕಿಯ ಹತ್ತಿರ ಮಗಳು ನಿಂತಿದ್ದಳು, ಅತ್ತು ಕಣ್ಣು ಬಾತಿದ್ದವು.

"ಇವಳೇನಾ?" ಎಂದಳು ಮಗಳು, ಇಸ್ತ್ರಿಯನ್ನು ನೋಡಿ.

ಇವಳೇ ಮೇಡಂ, ತಪ್ಪೊಪ್ಪಿಕೊಳ್ಳಲಿಕ್ಕೆ ಬಂದಿದ್ದಾಳೆ, ಬಹಳ ನೊಂದುಕೊಂಡಿದ್ದಾಳೆ ಎಂದ ಇಸ್ತ್ರಿ. ಪುಟ್ಟಿ ಯಾವಾಗಲೂ ತಾನೇ ಮಾಡುತ್ತಾಳೆ, ಅಪರೂಪಕ್ಕೊಮ್ಮೆ ಕೆಳಗಿನವರು ಕೈ ಹಾಕುತ್ತಾರೆ, ನಿನ್ನೆ ಇವಳು ಕೈ ಹಾಕಿದ್ದೇ ಹೀಗಾಯಿತು ಎಂದ. ಎಷ್ಟು ಸಲೀಸಾಗಿ ಹೇಳಿದ ಎಂದರೆ ಗಂಜಿಯಕ್ಕನಿಗೇ ಒಂದು ಗಳಿಗೆ ಇರಬಹುದೇನೋ ಅನ್ನಿಸಿತು.

ತಪ್ಪೊಪ್ಪಿಗೆ ಆಮೇಲಾಗಲಿ, ಮೊದಲು ಅಪ್ಪ ಏನಾದರೂ ತಿನ್ನಬೇಕು ಎಂದಳು ಮಗಳು. ನರ್ಸು ಗಂಜಿ ತಂದಿಟ್ಟಳು. ಚಮಚ ಹತ್ತಿರ ಬಂದ ಕೂಡಲೇ ಯಜಮಾನರು ಹಲ್ಲು ಕಚ್ಚಿ ಮುಖ ತಿರುಗಿಸಿದರು. ಮಗಳು ಚಮಚವನ್ನು ಬಟ್ಟಲಿಗೆ ಬಿಟ್ಟು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಳು.

ಯಾರೂ ಹೇಳದೆಯೇ ಗಂಜಿಯಕ್ಕ ಬಟ್ಟಲು ತೆಗೆದುಕೊಂಡಳು. ಹಾಸಿಗೆಯ ಅಂಚಿಗೆ ಕೂತಳು. ವರ್ಷದ ಮೇಲೆ ಮೊದಲ ಸಲ ಕೈಗೆ ಬಟ್ಟಲಿನ ಭಾರ ಸಿಕ್ಕಿತ್ತು. ಚಮಚ ಎತ್ತಿ ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟಳು. ಚುರುಕ್ ಎಂದಿತು. ಕದಡಿದಳು, ಊದಲಿಲ್ಲ, ಕಾದಳು. ಇನ್ನೊಂದು ತೊಟ್ಟು ಬಿಟ್ಟಳು. ಸರಿಯಾಗಿತ್ತು. ಯಜಮಾನರ ಮಂಜುಗಣ್ಣು ಆ ಕೈಯ ಕಡೆ ಹೊರಳಿತು. ಚಮಚ ಮಣಿಕಟ್ಟಿಗೆ ಹೋಗಿ ಬಾಯಿಯ ಕಡೆ ಬರುವುದನ್ನು ಅವರು ಕಂಡಷ್ಟು ಕಂಡರು. ಅವಳು ಚಮಚದ ತಳವನ್ನು ಸುಡದೆ ಉಳಿದಿದ್ದ ತುಟಿಯ ಮೂಲೆಗೆ ತಾಗಿಸಿದಳು. ಬಾಯಿ ತೆರೆಯಿತು.

ಬಟ್ಟಲು ಪೂರ್ತಿ ಖಾಲಿಯಾಯಿತು. ಗಲ್ಲಕ್ಕೆ ಇಳಿದದ್ದನ್ನು ಬೆರಳ ಹಿಂಬದಿಯಿಂದ ಒರೆಸಿದಳು. ಯಜಮಾನರು ಉಸಿರು ಬಿಟ್ಟು ದಿಂಬಿಗೆ ಒರಗಿದರು.

"ರಿಪೇರಿ ಮಾಡಿಸಿದ್ರಾ?" ಎಂದರು ಮಗಳಿಗೆ. "ಈಗ ಸರಿಯಾಗಿದೆ ನೋಡು ಪುಟ್ಟಿ."

ಮಗಳು ಅಳುತ್ತಲೇ ನಕ್ಕಳು. ಇಸ್ತ್ರಿಯೂ ನಕ್ಕ. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ ಎಂಬ ನಗು. ಅವನು ಗಂಜಿಯಕ್ಕನ ಕಡೆ ಗಲ್ಲ ಆಡಿಸಿದ. ಹೇಳಮ್ಮ ಎಂದ.

ಅವಳು ಹೇಳಬೇಕೆಂದೇ ಎದ್ದು ನಿಂತಳು. ನಾದಿನಿಯ ಎರಡು ಮಕ್ಕಳು ಕಣ್ಣ ಮುಂದೆ ಬಂದವು, ಗಂಡನ ಸೊಂಟ ಬಂತು. ತಪ್ಪಾಯ್ತು ಎನ್ನುವ ಮಾತು ಅವಳ ಕುಲಕ್ಕೇ ಬಾಯಿಪಾಠ. ಅಜ್ಜಿ ಹೇಳಿದ್ದಳು, ಅವ್ವ ಹೇಳಿದ್ದಳು, ಉಸಿರಾಡುವಷ್ಟು ಸುಲಭದ ಮಾತು. ಬಾಯಿ ತೆರೆದಳು. ಮಣಿಕಟ್ಟಿನ ಮೇಲಿನ ಎರಡು ತೊಟ್ಟು ಆಗಲೇ ಒಣಗಿ ಚರ್ಮ ಬಿಗಿಯುತ್ತಿತ್ತು.

"ನಿನ್ನೆ ನಾನಿರಲಿಲ್ಲ," ಎಂದಳು.

ಇಸ್ತ್ರಿಯ ನಗು ಹಾಗೇ ನಿಂತಿತು. ಮಗಳು ಕಣ್ಣೊರೆಸಿಕೊಳ್ಳುವುದನ್ನು ನಿಲ್ಲಿಸಿದಳು. "ಮತ್ತೆ ಯಾರಿದ್ರು?"

"ಯಾರೂ ಇರಲಿಲ್ಲ. ಅದಕ್ಕೇ ಸುಟ್ಟಿದ್ದು."

ಇವಳಿಗೆ ಹೆದರಿಕೆಯಲ್ಲಿ ತಲೆ ಕೆಟ್ಟಿದೆ ಎಂದು ಇಸ್ತ್ರಿ ನಡುವೆ ಬಂದ. ಅವಳು ಅವನ ಕಡೆ ತಿರುಗಲೂ ಇಲ್ಲ. ಬಟ್ಟಲನ್ನು ಮೇಜಿನ ಮೇಲಿಟ್ಟಳು. ದನಿ ಏರಿಸಲಿಲ್ಲ. ಏರಿಸುವ ಶಕ್ತಿ ಇರಲಿಲ್ಲ.

"ಅಪರೂಪಕ್ಕೊಮ್ಮೆ ಕೈ ಹಾಕೋದಲ್ಲ ಅಮ್ಮಾ. ದಿನಾ ನಾನೇ. ವರ್ಷದಿಂದ ನಿಮ್ಮ ತಂದೆಗೆ ಉಣ್ಣಿಸಿದ್ದು ನಾನು, ತೊಳೆದಿದ್ದು ನಾನು. ನಿಮ್ಮ ಅಮ್ಮನ್ನ ನೆನೆಸ್ಕೊಂಡು ಅತ್ತಾಗ ತಲೆ ಸವರಿದ್ದೂ ನಾನೇ. ಕೆಳಗೆ ನಿಂತ್ಕೊಂಡು. ನಿನ್ನೆ ಒಂದು ದಿನ ಬರಬೇಡ ಅಂದ್ರು. ಆ ಒಂದು ದಿನದ್ದನ್ನ ನನ್ನ ತಲೆಗೆ ಕಟ್ಟಬೇಡಿ. ನಾನು ತಪ್ಪೊಪ್ಪಲ್ಲ."

ಇಸ್ತ್ರಿ ಬಾಯಿ ತೆರೆಯುವ ಮೊದಲೇ ಮಾತಾಡಿದ್ದು ಯಜಮಾನರು.

"ಯಾರದು? ಪುಟ್ಟಿ ದನಿ ಅಲ್ವಲ್ಲ ಇದು."

ಅವರು ಕೈ ಚಾಚಿ ತಡವರಿಸಿದರು. ಅವಳ ಎಡಗೈ ಸಿಕ್ಕಿತು. ಬಟ್ಟೆ ಪರೀಕ್ಷಿಸುವ ಹಾಗೆ ಹೆಬ್ಬೆರಳು ತೋರುಬೆರಳ ನಡುವೆ ಮಣಿಕಟ್ಟನ್ನು ಹಿಡಿದು ಉಜ್ಜಿದರು. ಒಣಗಿದ ಗಂಜಿ, ಒರಟು ಚರ್ಮ, ಸಾಸಿವೆಯಂಥ ಕಲೆಗಳು, ಅದರಡಿಯಲ್ಲಿ ಬಡಿಯುವ ನಾಡಿ. ಹೆಂಗಸು ಎಂದರು. ಆಮೇಲೆ ಅದೇ ಪ್ರಶ್ನೆ ಕೇಳಿದರು.

"ಎಲ್ಲಿಯವಳು ನೀನು?"

"ಕಾಲುವೆಯಾಚೆಯವಳು ಯಜಮಾನ್ರೇ. ನೀವು ಬಟ್ಟಲಿಗೆ ಉಗುಳಿ ಗೋಡೆ ಕಡೆ ತಿರುಗಿದ್ರಲ್ಲ, ಅದೇ ಕೈ."

ಬೆರಳು ಬಿಟ್ಟುಕೊಂಡವು. ಅವರು ಕೈಯನ್ನು ಹೊದಿಕೆಗೆ ಉಜ್ಜಿದರು. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ. ಸುಟ್ಟ ತುಟಿಯನ್ನು ನೋವಾದರೂ ಅಂಗೈಯಿಂದ ಒರೆಸಿಕೊಂಡರು.

"ನೀರು ತಾ," ಎಂದರು ಮಗಳಿಗೆ. "ಬಾಯಿ ತೊಳ್ಕೋಬೇಕು."

ಮಗಳ ಮುಖ ಕೆಂಪಾಯಿತು. ಅಪ್ಪಾ ಎಂದಳು. ಆದರೂ ಕೈ ಲೋಟದ ಕಡೆ ಹೋಯಿತು. ನಾಚಿಕೆ ಮುಖದಲ್ಲಿತ್ತು, ಕೈಗೆ ಇಳಿದಿರಲಿಲ್ಲ.

ಗಂಜಿಯಕ್ಕ ನಕ್ಕುಬಿಟ್ಟಳು. ಬೇಕೆಂದು ನಕ್ಕದ್ದಲ್ಲ, ದಣಿದಾಗ ಬರುವ ನಗು ಅದು, ಹಿಡಿದರೆ ನಿಲ್ಲುವುದಿಲ್ಲ. ಬಾಗಿಲವರೆಗೆ ಹೋದವಳು ತಿರುಗಿದಳು.

"ಬಾಯಿ ತೊಳ್ಕೊಳ್ಳಿ ಯಜಮಾನ್ರೇ. ಹೊಟ್ಟೆ ಹೇಗೆ ತೊಳೀತೀರಿ? ಒಂದು ವರ್ಷದ್ದಿದೆ ಅದರೊಳಗೆ. ಈಗ ನಿಮ್ಮ ಮೈಯಲ್ಲಿರೋ ರಕ್ತ ಎಲ್ಲ ನನ್ನ ಕೈದೇ."

ಇಸ್ತ್ರಿ ಮೆಟ್ಟಿಲಿನವರೆಗೆ ಬೆನ್ನು ಹತ್ತಿ ಬಂದ. ಅಷ್ಟೂ ಜನರ ಅನ್ನಕ್ಕೆ ಕಲ್ಲು ಹಾಕಿದೆಯಲ್ಲೇ ಎಂದ. ಇಷ್ಟು ಹೊತ್ತಿನ ‘ಅಮ್ಮ’ ಹೋಗಿ ಮಾತಿನ ಕೊನೆಗೆ ‘ಲೇ’ ಬಂದಿತ್ತು. ಅವಳು ಗೋಡೆಯ ಚಿತ್ರದ ಮುಂದೆ ಹಾದು ಕೆಳಗಿಳಿದಳು.

ಚಪ್ಪಲಿ ನೆಲಮಾಳಿಗೆಯ ಬಾಗಿಲಲ್ಲಿತ್ತು. ಅದನ್ನು ಮೆಟ್ಟಿಕೊಳ್ಳುತ್ತ ಒಳಗೆ ನೋಡಿದಳು. ಅವಳೂ ಡಬ್ಬಿ ಕಟ್ಟಿಕೊಂಡೇ ಇರುತ್ತಿದ್ದವಳು, ಆ ಹಜಾರವನ್ನು ಹೀಗೆ ಹೊರಗಿನಿಂದ ಯಾವತ್ತೂ ನೋಡಿರಲಿಲ್ಲ. ಹೆಂಗಸರು ಸಾಲಾಗಿ ನಿಂತು ಗಾಳಿಗೆ ಉಣ್ಣಿಸುತ್ತಿದ್ದರು. ಗಾಳಿಯ ಬೆನ್ನು ತಿಕ್ಕುತ್ತಿದ್ದರು, ಗಾಳಿಯನ್ನು ಎತ್ತಿ ಮಗ್ಗುಲಿಗೆ ಹೊರಳಿಸುತ್ತಿದ್ದರು. ಬೆವರು ಡಬ್ಬಿಯ ಕೆಳಗಿಂದ ಗಲ್ಲಕ್ಕೆ ಇಳಿಯುತ್ತಿತ್ತು. ಒರೆಸಿಕೊಳ್ಳಲು ಯಾರಿಗೂ ಕೈ ಬಿಡುವಿರಲಿಲ್ಲ.

"ನಾನು ಹೋಗ್ತೀನಿ ಕಣ್ರೇ," ಎಂದಳು ಬಾಗಿಲಲ್ಲೇ ನಿಂತು. "ತಪ್ಪು ಹೊರಿಸೋಕಾದ್ರೂ ಇವತ್ತು ನಾವಿದ್ದೀವಿ ಅಂತ ಒಪ್ಕೊಂಡ್ರು. ಆ ತಪ್ಪನ್ನ ನಾನು ಒಪ್ಪಲಿಲ್ಲ."

ಕೆಲವು ಕೈಗಳು ಒಂದು ಗಳಿಗೆ ಗಾಳಿಯಲ್ಲಿ ನಿಂತವು, ಮತ್ತೆ ಆಡತೊಡಗಿದವು. ಅವಳು ತಪ್ಪು ತಿಳಿಯಲಿಲ್ಲ. ಮೇಲೆ ಯಾರೋ ಬಾಯಿ ತೆರೆದುಕೊಂಡು ಕಾಯುತ್ತಿರುತ್ತಾರೆ, ಮನೆಯಲ್ಲೂ ಕಾಯುತ್ತಿರುತ್ತಾರೆ.

ಹೊರಗೆ ಬಿಸಿಲು ಚುರುಗುಟ್ಟುತ್ತಿತ್ತು. ಹಿಂಬಾಗಿಲಿನ ಮೆಟ್ಟಿಲ ಮೇಲೆ ಕೂತಳು. ಸ್ವಲ್ಪ ಹೊತ್ತಿಗೆ ಬಾಗಿಲು ಸದ್ದಾಯಿತು. ನಾದಿನಿ ಬಂದು ಪಕ್ಕದಲ್ಲಿ ಕೂತಳು. ಹಣೆಯಲ್ಲಿ ಬರೆ ಇತ್ತು. ಕೈಯಲ್ಲಿ ಗ್ಲೌಸು ಇರಲಿಲ್ಲ, ಊಟದ ಡಬ್ಬಿ ಇತ್ತು.

"ಹೇಳ್ತೀನಿ ಅಂದಿದ್ಯಲ್ಲ ಅತ್ತಿಗೆ."

"ಅಂದಿದ್ದೆ. ಬಾಯಿಗೆ ಬರಲಿಲ್ಲ."

ನಾದಿನಿ ಅತ್ತಳು. ಬೈದಳು ಕೂಡ. ಮಕ್ಕಳ ಬಾಯಿಗೆ ಏನು ಹಾಕಲಿ, ನಿನ್ನ ಮಾನ ಹಾಕಲಾ ಎಂದಳು. ಗಂಜಿಯಕ್ಕ ಸೆರಗಿನ ತುದಿಯಿಂದ ಅವಳ ಮುಖ ಒರೆಸಿದಳು. ನೀನ್ಯಾಕೆ ಬಿಟ್ಟು ಬಂದೆ ಎಂದು ಕೇಳಿದಳು. ಗೊತ್ತಿಲ್ಲ, ನೀನು ಹೋಗ್ತೀನಿ ಅಂದೆ, ಕೈ ಬಿದ್ದುಹೋಯ್ತು ಎಂದಳು ನಾದಿನಿ. ಬಾಯಿ ತೊಳೆಯುವ ಮಾತನ್ನು ಗಂಜಿಯಕ್ಕ ಹೇಳಿದಾಗ ಅಳುತ್ತಿದ್ದವಳಿಗೆ ಮೂಗಿನಿಂದ ನಗು ಹೊರಟಿತು. ಇಬ್ಬರೂ ನಕ್ಕರು.

ನಾದಿನಿ ಡಬ್ಬಿ ಬಿಚ್ಚಿದಳು. ಬೆಳಿಗ್ಗೆ ತುಂಬಿ ತಂದ ಗಂಜಿ ತಣ್ಣಗಾಗಿ ಕಟ್ಟಿಕೊಂಡಿತ್ತು. ಚಮಚ ಒಂದೇ ಇತ್ತು. ಗಂಜಿಯಕ್ಕ ಅದನ್ನು ತೆಗೆದುಕೊಂಡು ಒಂದು ತುತ್ತು ಎತ್ತಿ, ನಾದಿನಿಯ ಬಾಯಿಗೆ ಒಯ್ಯುವ ಮೊದಲು, ಮಣಿಕಟ್ಟಿನ ಮೇಲೆ ಒಂದು ತೊಟ್ಟು ಬಿಟ್ಟಳು.

"ತಣ್ಣಗಿದೆ ಅತ್ತಿಗೆ," ಎಂದಳು ನಾದಿನಿ.

"ಗೊತ್ತು," ಎಂದಳು ಅವಳು. "ಬಾಯಿ ತೆಗಿ."